ಹೊತ್ತು ಮುಳುಗುವ ಮುಂಚಿನ ಊಟ

ನಮ್ಮ ಮನೆಯಲ್ಲಿ ಸೂರ್ಯ ಗಂಡಸರಿಗೆ ಒಂದು ಹೊತ್ತಿಗೆ, ಹೆಂಗಸರಿಗೆ ಇನ್ನೊಂದು ಹೊತ್ತಿಗೆ ಮುಳುಗುತ್ತಿದ್ದ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಕಾಗವಾಡದ ಮಗ್ಗುಲಿನ ನಮ್ಮೂರು ಜುಗೂಳದಲ್ಲಿ ಹೊಳೆದಂಡೆಗೆ ಕಬ್ಬು, ಮೇಲಿನ ಹೊಲಕ್ಕೆ ದ್ರಾಕ್ಷಿ ಹಚ್ಚಿದ್ದ ಜೈನ ಒಕ್ಕಲುತನದ ಮನೆ ನಮ್ಮದು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಬಾರದು ಎಂಬುದು ಆ ಮನೆಯ ನೇಮ. ದೀಪದ ಬೆಳಕಿಗೆ ಹುಳಹುಪ್ಪಡಿ ಬರುತ್ತವೆ, ಉಣ್ಣುವ ತಾಟಿನಲ್ಲಿ ಬಿದ್ದು ಸಾಯುತ್ತವೆ, ಕಣ್ಣಿಗೆ ಕಾಣದ ಜೀವವನ್ನು ಅಗಿದು ನುಂಗಿದ ಪಾಪ ನಮಗೆ ತಟ್ಟುತ್ತದೆ ಎಂದು ಆಯಿ, ಅಂದರೆ ನಮ್ಮಪ್ಪನ ತಾಯಿ, ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿಕೊಟ್ಟಿದ್ದಳು. ಆ ಮಾತಿನ ಬಗ್ಗೆ ನನಗೆ ಇವತ್ತಿಗೂ ತಕರಾರಿಲ್ಲ. ಹುಳದ ಜೀವವನ್ನೂ ಜೀವ ಅನ್ನುವ ಧರ್ಮ ದೊಡ್ಡದೇ. ಆದರೆ ಅದೇ ಮನೆಯಲ್ಲಿ ಇನ್ನೊಂದು ನೇಮವಿತ್ತು. ಅದನ್ನು ಯಾವ ಮುನಿಗಳೂ ಹೇಳಿದ್ದಲ್ಲ, ಯಾವ ಬಸದಿಯಲ್ಲೂ ಓದಿದ್ದಲ್ಲ. ಗಂಡಸರು ಉಂಡೆದ್ದ ಮೇಲೆಯೇ ಹೆಂಗಸರು ಕೂಡಬೇಕು ಎಂಬ ನೇಮ ಅದು. ಈ ಎರಡೂ ನೇಮಗಳನ್ನು ಒಂದೇ ಮಾಡಿನ ಕೆಳಗೆ ಇಟ್ಟರೆ ಏನಾಗುತ್ತದೆ ಎಂಬುದು ಲೆಕ್ಕ ಬಾರದ ಕೂಸಿಗೂ ತಿಳಿಯುತ್ತದೆ. ನಮ್ಮ ಮನೆಯ ದೊಡ್ಡವರಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಮನೆ ಉದ್ದುದ್ದಕ್ಕೆ ಬೆಳೆದಿತ್ತು. ಮುಂದೆ ಕಟ್ಟೆ, ಅದರಾಚೆ ಪಡಸಾಲೆ, ಪಡಸಾಲೆಯ ಮಗ್ಗುಲಿಗೆ ಜೋಳದ ಚೀಲ ಒಟ್ಟಿದ ಕೋಣೆ, ಆಮೇಲೆ ನಡುಮನೆ, ಕಟ್ಟಕಡೆಗೆ ಅಡಿಗೆಮನೆ, ಅದರ ಬೆನ್ನಿಗೆ ಹಿತ್ತಲು ಮತ್ತು ದನದ ಕೊಟ್ಟಿಗೆ. ಗೋಡೆ ಗಡಿಯಾರ ಇದ್ದದ್ದು ಪಡಸಾಲೆಯಲ್ಲಿ, ಗಂಡಸರ ತಲೆಯ ಮೇಲೆ. ಅಡಿಗೆಮನೆಗೆ ಕೊಟ್ಟಿಗೆಯ ಗೋಡೆಯೇ ಗಡಿಯಾರ. ನಮ್ಮ ಮನೆಯ ನೆರಳು ಆ ಗೋಡೆಯನ್ನು ಮೆಲ್ಲಗೆ ಏರಿ, ಮೇಲೆ ಉಳಿದ ಬಿಸಿಲನ್ನೆಲ್ಲ ನುಂಗಿ ಮಾಡಿನ ಹೆಂಚು ಮುಟ್ಟಿತೆಂದರೆ ಹೊತ್ತು ಮುಳುಗಿದಂತೆ. ಅವ್ವ ಒಲೆಯ ಮುಂದೆ ಜೋಳದ ಭಕ್ಕರಿ ಬಡಿಯುತ್ತ ಒಮ್ಮೆ ಬೇಯಿಸುವ ಹಂಚಿನ ಕಡೆ, ಒಮ್ಮೆ ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದಳು. ಶಾಂತಾ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದಳು. ಅಪ್ಪ ಮತ್ತು ಭೂಪಾಲ ಕಾಕಾ ಹೊಲದಿಂದ ಬರುವುದೇ ಬಿಸಿಲು ಗೋಡೆಯ ಅರ್ಧಕ್ಕೇರಿದ ಮೇಲೆ. ಬಂದವರು ಕಾಲು ತೊಳೆದು, ಕಟ್ಟೆಯ ಮೇಲೆ ಕೂತು ನಾಲ್ಕು ಮಾತಾಡಿ, ಎಲೆ ಅಡಿಕೆ ಉಗುಳಿ, ಆಮೇಲೆ ಒಳಗೆ ಬಂದು ಕೂಡುತ್ತಿದ್ದರು. ಅವ್ವ ಬಿಸಿ ಬಿಸಿ ಭಕ್ಕರಿ ಒಂದರ ಮೇಲೊಂದು ತಂದು ಹಾಕುತ್ತಿದ್ದಳು. ಅವರು ಕೈತೊಳೆದು ಏಳುವ ಹೊತ್ತಿಗೆ ಬಿಸಿಲು ಹೆಂಚಿಗೆ ಹತ್ತಿ ಕೂತಿರುತ್ತಿತ್ತು. ಅವ್ವ, ಕಾಕು ತಾಟು ಹಾಕಿಕೊಂಡು ಒಂದು ತುತ್ತು ಎತ್ತುವುದರೊಳಗೆ ಹಗಲಿಗೆ ಒಂದೇ ಹೊತ್ತು ಉಣ್ಣುತ್ತಿದ್ದ ಆಯಿಯ ದನಿ ನಡುಮನೆಯಿಂದ ಬರುತ್ತಿತ್ತು.

"ಹೊತ್ತ ಮುಳುಗಿತ ನೋಡ್ರೆ. ಕೈ ತೊಳಕೋರಿ."

ಅವರು ಕೈ ತೊಳೆದುಕೊಳ್ಳುತ್ತಿದ್ದರು. ತಾಟಿನಲ್ಲಿದ್ದ ಭಕ್ಕರಿ ಎಮ್ಮೆಗೆ ಹೋಗುತ್ತಿತ್ತು. ನಮ್ಮ ಎಮ್ಮೆಗಳು ಊರಲ್ಲೇ ದಪ್ಪಗಿದ್ದವು ಎಂದು ಮಂದಿ ಹೊಗಳುತ್ತಿದ್ದರು, ಕಾಕಾ ಮೀಸೆ ತಿರುವುತ್ತಿದ್ದ. ಅವು ಉಣ್ಣುತ್ತಿದ್ದದ್ದು ನಮ್ಮವ್ವನ ಪಾಲಿನ ಊಟ ಎಂದು ಯಾರಿಗೂ ಹೊಳೆಯಲಿಲ್ಲ.

ಸಣ್ಣವಳಿದ್ದಾಗ ನನಗೂ ಇದು ಗೊತ್ತಿರಲಿಲ್ಲ. ಮಕ್ಕಳು ಗಂಡಸರ ಸಾಲಿನಲ್ಲೇ ಉಣ್ಣುತ್ತಿದ್ದೆವು. ನಾನು ಅಪ್ಪನ ಮಗ್ಗುಲಿಗೆ ಕೂತು ಝುಣಕ, ಶೇಂಗಾ ಚಟ್ನಿ, ಕೆನೆಮೊಸರು ಬಾರಿಸಿ ಎದ್ದು ಹೋಗುತ್ತಿದ್ದೆ. ನಾನು ದೊಡ್ಡವಳಾದ ವರ್ಷ ನನ್ನ ಸಾಲು ಬದಲಾಯಿತು. ಇನ್ನು ಮೇಲೆ ನೀನು ಅವ್ವನ ಜೋಡಿ ಉಣ್ಣಬೇಕು ಎಂದು ಆಯಿ ಹೇಳಿದಳು. ಮೊದಲ ಸಂಜೆಯೇ ಖಾಲಿ ಹೊಟ್ಟೆಯಲ್ಲಿ ಹಾಸಿಗೆಗೆ ಹೋದೆ. ಹಸಿವೆಗೆ ಅಳುತ್ತಿದ್ದ ನನ್ನ ತಲೆ ಸವರಿ ಅವ್ವ, "ರೂಢಿ ಆಕ್ಕೈತಿ ಮಲಕೋ" ಅಂದಳು. ರೂಢಿ! ಹಸಿವೆಗೆ ರೂಢಿ ಮಾಡಿಕೊಳ್ಳಬೇಕು ಎಂದು ನನಗೆ ಕಲಿಸಿದ್ದು ಬಡತನವಲ್ಲ, ಜೋಳದ ಚೀಲಗಳು ಜಂತಿ ಮುಟ್ಟುವಂತೆ ಒಟ್ಟಿದ್ದ ಮನೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಕಬ್ಬು ಕಡಿಯುವ ದಿನಗಳಲ್ಲಿ ಗಂಡಸರು ಮನೆಗೆ ಬರುವಾಗ ಕತ್ತಲೆಯಾಗುತ್ತಿತ್ತು. ಆಗ ಅವರಿಗೆ ಅನ್ನ ನಿಷೇಧ. ಆದರೆ ಹಾಲು ಅನ್ನವಲ್ಲವಂತೆ, ಬಾಳೆಹಣ್ಣು ಅನ್ನವಲ್ಲವಂತೆ, ಅರಳು ಅನ್ನವಲ್ಲವಂತೆ. ಇದೆಲ್ಲ ಫಳಾರವಂತೆ. ಕಂಚಿನ ಬಟ್ಟಲು ತುಂಬ ಬೆಲ್ಲ ಹಾಕಿದ ಹಾಲಿನಲ್ಲಿ ಅರಳು ಕಲಸಿಕೊಂಡು, ಮೇಲೆ ಬಾಳೆಹಣ್ಣು ಮುರಿದುಕೊಂಡು ಇಬ್ಬರೂ ತೇಗುವವರೆಗೆ ಫಳಾರ ಮಾಡುತ್ತಿದ್ದರು. ಹೆಂಗಸರಿಗೂ ಫಳಾರಕ್ಕೆ ಬಾಧೆಯಿರಲಿಲ್ಲ, ಆದರೆ ಅವರ ಪಾಳಿ ಬರುವಷ್ಟರಲ್ಲಿ ಹಾಲಿನ ಪಾತ್ರೆ ತಳ ಕಂಡಿರುತ್ತಿತ್ತು. ಇನ್ನು ಭೂಪಾಲ ಕಾಕಾನ ಕಥೆ ಕೇಳಿ. ಅಪ್ಪನಿಗಿಂತ ಸಣ್ಣವನಾದರೂ ಮನೆಯ ಹೊರಗಿನ ವ್ಯವಹಾರವೆಲ್ಲ ಅವನದೇ. ದ್ರಾಕ್ಷಿ ಮಾರಲು ಮಿರಜ, ಸಾಂಗಲಿ ಸುತ್ತುತ್ತಿದ್ದ. ಮಿರಜ ಸ್ಟ್ಯಾಂಡಿನ ಗಾಡಿಯ ಮುಂದೆ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ನಿಂತು ಉಳ್ಳಾಗಡ್ಡಿ ಭಜಿ ಕಟ್ಟಿಸಿಕೊಂಡು ತಿನ್ನುವುದನ್ನು ಊರವರು ಎಷ್ಟೋ ಸಲ ಕಂಡಿದ್ದರು. ಅವನ ಅಂಗಿ ಒಗೆಯುವಾಗ ಕಾಕುಗೆ ಜೇಬಿನಲ್ಲಿ ಎಣ್ಣೆ ಜಿಡ್ಡಿನ ಕಾಗದ ಸಿಗುತ್ತಿತ್ತು. ಅಂಥವನು ಚಾತುರ್ಮಾಸದಲ್ಲಿ ಬಸದಿಯ ಕಟ್ಟೆಯ ಮೇಲೆ ಕೂತು ನೇಮದ ಬಗ್ಗೆ ಹುಡುಗರಿಗೆ ಉಪದೇಶ ಮಾಡುತ್ತಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಕಟ್ಟಿದವರು ನಮ್ಮ ಕಾಕಾನನ್ನು ನೋಡಿಯೇ ಕಟ್ಟಿರಬೇಕು.

ಆ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಚಹ ಕುಡಿದ ಹೆಂಗಸನ್ನು ನಾನು ಒಬ್ಬಳನ್ನೇ ಕಂಡದ್ದು. ಅವಳು ಊರಿಗೆ ಬರುತ್ತಿದ್ದ ಸರಕಾರಿ ನರ್ಸು. ಎಲ್ಲರೂ ಸಿಸ್ಟರಬಾಯಿ ಅನ್ನುತ್ತಿದ್ದರು. ಕಾಕುಗೆ ಹೆರಿಗೆ ಬೇನೆ ಬಂದು, ಕೂಸು ಅಡ್ಡವಾಗಿ ಸೂಲಗಿತ್ತಿ ಕೈಚೆಲ್ಲಿದಾಗ ಸಿಸ್ಟರಬಾಯಿಯನ್ನು ಕರೆಸಿದರು. ಬಿಳಿ ಸೀರೆಯನ್ನು ಎತ್ತಿ ಕಟ್ಟಿಕೊಂಡು ಒಳಗೆ ಬಂದವಳೇ ಮನೆಯ ಯಜಮಾನಿಕೆ ತನ್ನದೇ ಎಂಬಂತೆ ಒದರಾಡತೊಡಗಿದಳು. ಬಾಗಿಲಲ್ಲಿ ಅಡ್ಡ ನಿಂತಿದ್ದ ಕಾಕಾನಿಗೆ, "ಏ, ಸರೀರಿ ಆಕಡೆ! ನಿಂತ ನೋಡಾಕ ಇದೇನ ತಮಾಷೀ ಏನು? ಹೋಗ್ರಿ, ಹಂಡೇಕ ಉರಿ ಹಚ್ಚರಿ" ಅಂದಳು. ಕಾಕಾ ಹೋಗಿ ಉರಿ ಹಚ್ಚಿದ! ಕಣ್ಣಿಗೆ ಹೊಗೆ ತುಂಬಿಕೊಂಡು ಊದುಗೊಳವೆ ಊದುತ್ತಿದ್ದ ಅವನನ್ನು ನಾನು ಹಿತ್ತಲ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಸಿಸ್ಟರಬಾಯಿ ಕೂಸನ್ನು ತಿರುಗಿಸಿ ಹೊರಗೆ ತಂದು, ತಾಯಿ ಮಗು ಇಬ್ಬರನ್ನೂ ಉಳಿಸಿ, ಕೈತೊಳೆದುಕೊಂಡು ಪಡಸಾಲೆಯಲ್ಲಿ ಕೂತು, "ಹೊಟ್ಟಿ ಹಸದೈತ್ರಿ, ಏನರ ಕೊಡ್ರಿ" ಅಂದಳು. ಹಸಿವೆಯಾಗಿದೆ ಎಂದು ಬಾಯಿಬಿಟ್ಟು, ಗಂಡಸರ ಎದುರಿಗೆ, ದನಿ ತಗ್ಗಿಸದೆ ಹೇಳಿದ ಹೆಂಗಸು! ಅಪ್ಪನೇ ಎದ್ದು ಹೋಗಿ ತಾಟು ತರಿಸಿದ. ನಾನು ಆಗಿಂದಾಗಲೇ ನಿರ್ಧಾರ ಮಾಡಿಕೊಂಡೆ, ಆಗುವುದಾದರೆ ಇಂಥ ಸಿಸ್ಟರಬಾಯಿಯೇ ಆಗಬೇಕು ಎಂದು.

ಮೆಟ್ರಿಕ್ ಪಾಸಾದ ಮೇಲೆ ನರ್ಸ್ ತರಬೇತಿಗೆ ಅರ್ಜಿ ಹಾಕಿಸಿದವಳೂ ಸಿಸ್ಟರಬಾಯಿಯೇ. ಚಿಕ್ಕೋಡಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಲಿಯಬೇಕು, ಕಲಿತು ಹೊರಬಿದ್ದವರಿಗೆ ನೌಕರಿ ಗಟ್ಟಿ ಎಂದು ಅಪ್ಪನಿಗೆ ಹೇಳಿ ಹೋಗಿದ್ದಳು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಪ್ಪನ ಸ್ವಭಾವವೇ ಅದು, ಎತ್ತುಗಳ ಜೋಡಿ ಆಡಿದಷ್ಟು ಮಾತನ್ನೂ ಮನುಷ್ಯರ ಜೋಡಿ ಆಡುತ್ತಿರಲಿಲ್ಲ. ಸೀಟು ಸಿಕ್ಕಿದೆ, ದಸರೆಯ ಮರುವಾರದೊಳಗೆ ಬಂದು ಸೇರಬೇಕು, ಬಾರದಿದ್ದರೆ ಸೀಟು ಬೇರೆಯವರಿಗೆ ಎಂದು ತಿಳಿದ ದಿನ ಕಾಕಾ ಪಡಸಾಲೆಯಲ್ಲಿ ಮಾಡು ಹಾರುವಂತೆ ಕೂಗಾಡಿದ.

"ಕಬ್ಬ, ದ್ರಾಕ್ಷಿ ಇರೂ ಮನೀ ಮಗಳ ಮಂದಿ ಹೇಲ ಉಚ್ಚಿ ಬಳ್ಯಾಕ ಹೋಗೂದೇನ? ನಾಳೆ ನಮಗ ಹೆಣ್ಣ ಕೇಳಾಕ ಯಾರ ಬರ್ತಾರ?"

"ನನಗ ಯಾರೂ ಕೇಳಾಕ ಬರೂದು ಬ್ಯಾಡ" ಎಂದು ನಾನು ಬಾಗಿಲ ಮರೆಯಿಂದ ಅಂದೆ. ಸುದ್ದಿ ತಿಳಿದು ಸಿಸ್ಟರಬಾಯಿಯೂ ಬಂದು, "ನಿಮ್ಮ ಕೂಸಿನ ಹೇಲ ಉಚ್ಚಿ ನಾನೂ ಬಳದೇನ್ರಿ, ಮರತ್ರೇನು?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿ ಹೋದಳು. ಕಾಕಾ ಎರಡು ದಿನ ಸುಮ್ಮನಿದ್ದ. ಆಮೇಲೆ ಏನೋ ಕೆಲಸದ ನೆಪ ಮಾಡಿಕೊಂಡು ಚಿಕ್ಕೋಡಿಗೆ ಹೋಗಿ ಬಂದ. ಬಂದವನ ಮುಖದಲ್ಲಿ ಗೆದ್ದ ಕಳೆಯಿತ್ತು. ನೇರ ಆಯಿಯ ಮುಂದೆ ಹೋಗಿ ಕೂತ.

"ಅವ್ವಾ, ನಾ ಅಲ್ಲಿಗೇ ಹೋಗಿ ವಿಚಾರಿಸಿಕೊಂಡ ಬಂದೇನಿ. ಹಾಸ್ಟೆಲದಾಗ ರಾತ್ರಿ ಎಂಟಕ್ಕ ಗಂಟಿ ಹೊಡದು ಉಣ್ಣಾಕ ಹಾಕತಾರ. ರಾತ್ರಿ ಎಂಟಕ್ಕ! ನಮ್ಮ ಮನೀ ಹುಡಿಗಿ ರಾತ್ರಿ ಊಟಾ ಮಾಡೂದೇನ ಬೇ? ಪಿಳಿಗಿ ಪಿಳಿಗಿಯಿಂದ ನಡಕೊಂಡ ಬಂದ ನೇಮಾ ಅದು."

ಆಯಿ ಜಪಮಣಿ ಎಣಿಸುವುದನ್ನು ನಿಲ್ಲಿಸಿದಳು. ಅವಳು ಆ ನೇಮವನ್ನು ಜ್ವರ ಬಂದಾಗಲೂ ಬಿಟ್ಟವಳಲ್ಲ. ಅವಳ ಮುಖ ಸಣ್ಣಗಾಯಿತು.

"ಹಂಗಾರ ಬ್ಯಾಡ ಬಿಡು."

ಕೆಲಸ ಹೊಲಸು ಎಂದರೆ ವಾದಿಸಬಹುದು, ಲಗ್ನವಾಗುವುದಿಲ್ಲ ಎಂದರೆ ನಗಬಹುದು. ಆಯಿಯ ನೇಮದ ಎದುರಿಗೆ ಮಾತೆತ್ತುವುದು ಹೇಗೆ? ಕಾಕಾನಿಗೆ ಇದು ಚೆನ್ನಾಗಿ ಗೊತ್ತಿತ್ತು. ನಾನು ಪಡಸಾಲೆಯ ನಡುವೆ ಬಂದು ನಿಂತೆ.

"ನಾ ರಾತ್ರಿ ಉಣ್ಣೂದಿಲ್ಲ. ಹಂಗ ಮಲಕೋತೇನಿ."

"ವರ್ಷಾನಗಂಟ್ಲೆ ಉಪಾಸ ಮಲಕೋತಿ? ಸಾಯತಿ ಲೇ ಹುಚ್ಚಿ" ಎಂದು ಕಾಕಾ ನಕ್ಕ.

"ಅವ್ವ ಸತ್ತಾಳೇನು?" ಎಂದೆ ನಾನು. "ಕಾಕು ಸತ್ತಾಳೇನು?"

ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. ಆ ಇಡೀ ಜಗಳದಲ್ಲಿ ಅಪ್ಪ ಆಡಿದ್ದು ಅಷ್ಟೇ. ಕಾಕಾ ಸುಳ್ಳು ಭಕ್ತಿ ಮಾಡಿದ್ದಕ್ಕೆ ಹೊಡೆತವಿಲ್ಲ, ಹೆಂಡತಿ ಹಸಿದು ಮಲಗಿದ್ದಕ್ಕೆ ಯಾರಿಗೂ ಹೊಡೆತವಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಹೊಡೆತ. ನಾನು ಅಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ಅವ್ವ ಎಲ್ಲವನ್ನೂ ನೋಡಿದಳು. ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಅವಳೂ ಅವರ ಕಡೆಯೇ ಎಂದುಕೊಂಡು ನಾನು ಜೋಳದ ಕೋಣೆಯಲ್ಲಿ ಚೀಲಗಳ ನಡುವೆ ಹೋಗಿ ಕೂತೆ.

ಮರುದಿನ ಅವ್ವ ಹೊತ್ತಿಗೆ ಮುಂಚೆ ಒಲೆ ಹಚ್ಚಿದಳು. ಭಕ್ಕರಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಎಲ್ಲ ತಯಾರಾದ ಮೇಲೆ ಅಡಿಗೆ ಆಗಿದೆ, ಹೊತ್ತಿರುವಾಗಲೇ ಬಂದು ಉಣ್ಣಬೇಕಂತೆ ಎಂದು ಹೊಲಕ್ಕೆ ಹೇಳಿ ಕಳಿಸಿದಳು. ಗಂಡಸರು ಬರಲಿಲ್ಲ. ಕಬ್ಬಿನ ಗಾಡಿ ತುಂಬುತ್ತಿತ್ತು. ಕೊಟ್ಟಿಗೆಯ ಗೋಡೆಯ ಮೇಲೆ ಇನ್ನೂ ಒಂದು ಮೊಳ ಬಿಸಿಲು ಇರುವಾಗ ಅವ್ವ ನೆಲದ ಮೇಲೆ ತಾಟು ಹಾಕಿದಳು. ಒಂದು ಅವಳದು, ಒಂದು ಕಾಕುದು, ಒಂದು ನನ್ನದು. ಕಾಕು ಹೆದರಿ ಸೆರಗು ಕಚ್ಚಿದಳು.

"ಅಕ್ಕಾ, ಅವರು ಬಂದಿಲ್ಲಲ್ಲಾ."

"ಕುಂದರ" ಎಂದಳು ಅವ್ವ. "ನೇಮಾ ಐತಿ ಮನ್ಯಾಗ. ಕುಂತ ಉಣ್ಣ."

ಮೂವರೂ ಉಂಡೆವು. ಆಮೇಲೆ ಅವ್ವ ಒಲೆಗೆ ನೀರು ಹೊಡೆದು, ನೆಲ ಸಾರಿಸಿ, ಉಳಿದ ಅಡಿಗೆಯನ್ನು ಎಮ್ಮೆಗಳ ಮುಂದೆ ಸುರಿದು, ಅಷ್ಟೂ ಹಾಲಿಗೆ ಹೆಪ್ಪು ಹಾಕಿ, ಅಡಿಗೆಮನೆಯ ಬಾಗಿಲು ಮುಂದೆಳೆದು ಚಿಲಕ ಹಾಕಿ ಅದರ ಎದುರಿಗೆ ಕೂತಳು. ಗಂಡಸರು ಕತ್ತಲೆಯಲ್ಲಿ ಬಂದರು. ಕಾಲು ತೊಳೆದು ಒಳಗೆ ಬಂದ ಕಾಕಾ ಬಾಗಿಲು ನೋಡಿ ಹುಬ್ಬು ಗಂಟಿಕ್ಕಿದ.

"ಹೊತ್ತ ಮುಳುಗೇತ್ರಿ" ಎಂದಳು ಅವ್ವ.

"ಗೊತ್ತೈತಿ ವೈನಿ, ಊಟಾ ಯಾರ ಕೇಳಿದ್ರು? ಹಾಲ ಕೊಡ್ರಿ" ಎಂದು ಅತ್ತಿಗೆಯ ಕಡೆ ಕೈಚಾಚಿದ.

"ಹಾಲಾಗೂ ಹುಳಾ ಬೀಳತಾವ್ರಿ. ಹೆಪ್ಪ ಹಾಕೇನಿ."

ಕಾಕಾ ಅಪ್ಪನ ಮುಖ ನೋಡಿದ. ಅಪ್ಪ ಅವ್ವನ ಮುಖ ನೋಡಿದ. ಅವ್ವ ಬಾಗಿಲಿನ ಚಿಲಕ ನೋಡುತ್ತ ಕೂತಳು. ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದ ಇಬ್ಬರು ಗಂಡಸರು ನೀರು ಕುಡಿದು ಮಲಗಿದರು. ನನಗೆ ಮರುಕ ಬರಬೇಕಿತ್ತೇನೋ, ಬರಲಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುವುದು ಎಂದರೆ ಏನು ಎಂದು ಅವರಿಗೂ ತಿಳಿಯಲಿ ಅನ್ನಿಸಿತು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಕಾಕಾ ಒಂದು ಸಂಜೆ ಮೋಟರ್‌ಸೈಕಲ್ ಹತ್ತಿ ಕಾಗವಾಡಕ್ಕೆ ಹೋಗಿ ಏನೋ ತಿಂದು ಬಂದ. ಅಪ್ಪ ಹೋಗಲಿಲ್ಲ. ಅಪ್ಪನ ಗಲ್ಲ ಒಳಗೆ ಹೋಗತೊಡಗಿತು. ಅದನ್ನು ನೋಡಲಾರದೆ ಆಯಿ ಹಾಸಿಗೆಯಿಂದೆದ್ದು ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಅಲ್ಲ ಬೇ, ದುಡದ ಬಂದ ಜೀವಾ. ಒಂದ ವಾಟಗಾ ಹಾಲ ಕೊಟ್ರ ಏನಾಕ್ಕೈತಿ?"

"ಅತ್ತೀ, ನಾನೂ ದುಡದ ಜೀವಾನ" ಎಂದಳು ಅವ್ವ. "ನಾ ಈ ಮನೀಗಿ ಬಂದಾಗಿಂದ ಹೊತ್ತ ಮುಳುಗಿತಂತ ನೀವು ಕೈ ತೊಳಸೀರಿ. ನಾ ತೊಳಕೊಂಡೇನಿ. ಒಂದ ದಿನಾನೂ ಹಾಲ ಕುಡಿ ಅಂತ ಅನಲಿಲ್ಲ ನೀವು."

ಆಯಿ ಹೊಸ್ತಿಲಿನಿಂದ ಕಾಲು ಹಿಂದಕ್ಕೆ ತೆಗೆದಳು. ಕಾಕಾ ಮುಂದೆ ಬಂದ. ಅಷ್ಟು ದಿನದ ಹಸಿವೆಯೆಲ್ಲ ಅವನ ಬಾಯಿಗೆ ಬಂದಿತ್ತು.

"ಸಾಕ ಮಾಡ್ರಿ ವೈನಿ ಈ ನಾಟಕಾ! ಕೆಲಸಕ್ಕ ಹೋದ ಮನಷಾ ಹೊತ್ತ ನೋಡಕೋತ ಕುಂದರಾಕ ಆಕ್ಕೈತೇನ? ಗಾಡಿ ತುಂಬೂದ ಬಿಟ್ಟ ಬರಲೇನ? ಮಿರಜಕ್ಕ ಹೋದಾಗ ನಾ ಹಸಕೊಂಡ ಸಾಯಬೇಕೇನ? ಕೆಲಸಾ ಇದ್ದಲ್ಲೆ ಹೊತ್ತಿನ ಕಾಯದೆ ನಡ್ಯೂದಿಲ್ಲ, ತಿಳೀತೇನ?"

ಅವ್ವ ಎದ್ದು ನಿಂತಳು. ಅವಳ ದನಿ ಏರಲಿಲ್ಲ.

"ತಿಳೀತ್ರಿ. ನಮ್ಮ ಪದ್ಮಾನೂ ಕೆಲಸಾ ಕಲ್ಯಾಕ ಹೊಂಟಾಳ."

ಕಾಕಾ ತಾನು ತೋಡಿದ ಗುಂಡಿಯಲ್ಲಿ ತಾನೇ ಬಿದ್ದಿದ್ದ. ಆಯಿ ಅವನ ಕಡೆ ತಿರುಗಿ, "ಮಿರಜದಾಗ ರಾತ್ರಿ ಉಣತೀಯೇನೋ ಭೂಪಾಲಾ?" ಎಂದು ಕೇಳಿದಳು. ಇಡೀ ಊರಿಗೆ ಗೊತ್ತಿದ್ದದ್ದು ಅವಳೊಬ್ಬಳಿಗೇ ಗೊತ್ತಿರಲಿಲ್ಲ. ಕಾಕಾ ಮುಖವನ್ನು ಪಡಸಾಲೆಯ ಕಡೆ ತಿರುಗಿಸಿದ. ಆಯಿ ಕಂಬಕ್ಕೆ ಒರಗಿ, "ಹುಡಿಗಿ ಹೋಗ್ಲಿ. ನೇಮಾ ಅಕೀದು, ನಡಸೂದು ಬಿಡೂದು ಅಕಿಗಿ ಬಿಟ್ಟದ್ದು" ಅಂದಳು. ಅವ್ವ ಚಿಲಕ ತೆಗೆದು ಒಳಗೆ ಹೋಗಿ, ಅಪ್ಪನಿಗೊಂದು, ಕಾಕಾನಿಗೊಂದು ಬಟ್ಟಲು ಹಾಲು ತಂದಿಟ್ಟಳು. ಆವತ್ತು ಹೆಪ್ಪು ಹಾಕದೆ ಸ್ವಲ್ಪ ಉಳಿಸಿಟ್ಟಿದ್ದಳು, ಜಾಣೆ.

ಅಪ್ಪ ನನ್ನನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದ. ಕಾಗವಾಡದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ನನಗೆ ಬಾಳೆಹಣ್ಣು ಕೊಡಿಸಿದ, ಕೆನ್ನೆಯ ಬಗ್ಗೆ ಏನೂ ಹೇಳಲಿಲ್ಲ. ಹಾಸ್ಟೆಲ್ಲಿನ ವಾರ್ಡನ್‌ಬಾಯಿ ಕನ್ನಡಕ ಹಾಕಿದ ವಯಸ್ಸಾದ ಹೆಂಗಸು. ನನ್ನ ಹೆಸರು, ಊರು ಕೇಳಿದವಳು ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಜುಗೂಳದವರೇನ್ರಿ? ಮೊನ್ನೆ ನಿಮ್ಮ ತಮ್ಮ ಬಂದಿದ್ರಲ್ಲಾ, ಊಟದ ವ್ಯಾಳೇ ಕೇಳಾಕ. ಅವರ ಮುಂದ ಹೇಳಿದ್ನಿ, ಚಿಂತೀ ಮಾಡಬ್ಯಾಡ್ರಿ, ನಿಮ್ಮ ಜೈನರ ಹುಡಿಗ್ಯಾರಿಗೆ ನಾವು ಸಂಜೀ ಐದೂವರಿಗೇ ಬ್ಯಾರೆ ಊಟಾ ಹಾಕತೀವಿ ಅಂತ. ಮೊದಲಿಂದನೂ ಹಾಂಗ ಐತ್ರಿ ಇಲ್ಲೆ. ಅವರ ಹೇಳಲಿಲ್ಲೇನು?"

ನಾನು ಅಪ್ಪನ ಕಡೆ ತಿರುಗಿದೆ. ಕಾಕಾ ಅರ್ಧ ಮಾತು ತಂದು ಆಯಿಯ ಮಡಿಲಿಗೆ ಹಾಕಿದ್ದ, ಇನ್ನರ್ಧವನ್ನು ಬಸ್ಸಿನಲ್ಲೇ ನುಂಗಿದ್ದ. ಎಂಟರ ಗಂಟೆ ಅವನಿಗೆ ನೆನಪಿತ್ತು, ಐದೂವರೆಯ ತಾಟು ಮರೆತಿತ್ತು. ಧರ್ಮವನ್ನು ನನ್ನ ಕಾಲಿಗೆ ಹಗ್ಗ ಮಾಡಿ ಕಟ್ಟಿದವನು ಅವನು. ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಮರತಿರಬೇಕ ಬಿಡ" ಅಂದ.

ನನಗೆ ಕಾಕಾನ ಸುಳ್ಳಿಗಿಂತ ಅಪ್ಪನ ಆ ಮಾತಿಗೆ ಹೆಚ್ಚು ಸಿಟ್ಟು ಬಂತು. ಸುಳ್ಳು ಹೇಳುವವನಿಗೆ ಧೈರ್ಯವಾದರೂ ಬೇಕು. ಅದನ್ನು ಮುಚ್ಚಿಹಾಕುವ ಒಳ್ಳೆಯವರಿಗೆ ಏನೂ ಬೇಡ, ಬಿಡು ಅಂದರೆ ಮುಗಿಯಿತು. ಅಪ್ಪ ಒಳ್ಳೆಯವನು ಎಂದು ಊರೆಲ್ಲ ಹೇಳುತ್ತಿತ್ತು. ಹೌದು, ಒಳ್ಳೆಯವನೇ. ಅವನ ಒಳ್ಳೆಯತನದ ಮಗ್ಗುಲಲ್ಲೇ ನಮ್ಮವ್ವ ವರ್ಷಗಟ್ಟಲೆ ಹಸಿದು ಮಲಗಿದ್ದಳು.

ನನ್ನ ಕೋಣೆಯಲ್ಲಿದ್ದ ಇನ್ನೊಬ್ಬ ಹುಡುಗಿ ಸುಜಾತಾ, ರಾಯಬಾಗದ ಕಡೆಯ ದಿಗ್ಗೇವಾಡಿಯವಳು. ಅವಳವ್ವ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಟ್ರಂಕಿನ ಮುಚ್ಚಳದ ಒಳಗೆ ಬುದ್ಧನ ಸಣ್ಣ ಪಟ ಅಂಟಿಸಿಕೊಂಡು ಬಂದಿದ್ದಳು. ಮಗಳು ನರ್ಸ್ ಆಗುತ್ತಾಳೆ ಎಂದು ಅವರ ಓಣಿಯವರೆಲ್ಲ ಬಸ್ಸಿನವರೆಗೆ ಬಂದು ಕಳಿಸಿದ್ದರಂತೆ. ನನ್ನನ್ನು ಯಾರು ಕಳಿಸಿದರು ಎಂದು ಕೇಳಿದಾಗ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೊದಲು ನಗುತ್ತ ಕೇಳುತ್ತಿದ್ದವಳು ನಡುವೆ ನಗು ನಿಲ್ಲಿಸಿದಳು.

"ನಮ್ಮ ಮನ್ಯಾಗ ಜ್ವಾಳಾ ಇಲ್ಲದ ದಿನಾ ಅವ್ವ ಉಪಾಸ ಮಲಗತಿದ್ಲು" ಎಂದಳು. "ನಿಮ್ಮ ಮನ್ಯಾಗ ಜ್ವಾಳಾ ಇದ್ದೂ ಮಲಗತಿದ್ರೇನು?"

ಮೂರನೆಯ ಪೀಳಿಗೆಯ ದ್ರಾಕ್ಷಿ ತೋಟದ ಮನೆತನದವಳು ನಾನು, ಆ ಮನೆತನದ ಮೇಲೆ ನನಗಿದ್ದ ಅಲ್ಪಸ್ವಲ್ಪ ಹೆಮ್ಮೆಯೂ ಆ ಕೋಣೆಯಲ್ಲಿ ಹೋಯಿತು. ಅಲ್ಲಿ ನಾನು ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಎಂದು ಗುರುತಿಸುವುದು ಎಲ್ಲ ಕಲಿತೆ. ಬಸುರಿಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ವಾರ್ಡಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ಮೊದಲ ಪ್ರಶ್ನೆಯೇ, ನಿನ್ನೆ ರಾತ್ರಿ ಏನು ಉಂಡಿ ಎಂಬುದು. ಎಷ್ಟೋ ಜನ ಹೆಂಗಸರು ತಲೆ ತಗ್ಗಿಸುತ್ತಿದ್ದರು. ಅವರೆಲ್ಲ ಜೈನರಲ್ಲ, ಅವರ ಮನೆಯಲ್ಲಿ ಸೂರ್ಯನ ನೇಮವೂ ಇರಲಿಲ್ಲ. ಹೆಂಗಸು ಹಸಿದು ಮಲಗಲು ಒಂದೊಂದು ಮನೆಗೆ ಒಂದೊಂದು ನೆಪ ಸಿಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ವಾರ್ಡಿನಲ್ಲಿ.

ಮೊದಲ ರಜೆಗೆ ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಬ್ಯಾಗು ಇಳಿಸುವ ಮುಂಚೆಯೇ ಕೇಳಿದೆ.

"ಕಾ‌ಕಾ, ಐದೂವರಿ ಊಟದ ಸುದ್ದಿ ವಾರ್ಡನ್‌ಬಾಯಿ ನಿಮ್ಮ ಮುಂದ ಹೇಳಿದ್ಲು. ಯಾಕ ಮುಚ್ಚಿಟ್ರಿ?"

ಅವನು ನಕ್ಕ. ಎಳ್ಳಷ್ಟೂ ನಾಚಿಕೆಯಿಲ್ಲದೆ ನಕ್ಕ.

"ಈಗೇನಾತು? ಹೋಗಿ ಕಲ್ಯಾಕತ್ತೀಯಲ್ಲಾ. ಬಿಡ ಹಳೇದು."

ನಾನು ಬಿಡಲಿಲ್ಲ, ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಒಳಗೆ ಹೋದರೆ ಇನ್ನೊಂದು ಸಿಟ್ಟು ಕಾದಿತ್ತು. ನಾನು ಹೋದ ಮೇಲೆ ನಾಲ್ಕು ದಿನ ಎಲ್ಲ ಸರಿಯಾಗಿ ನಡೆದು, ಮತ್ತೆ ಮೊದಲಿನ ಹಾಗೇ ಆಗಿತ್ತು. ಗಂಡಸರು ತಮ್ಮ ಹೊತ್ತಿಗೆ ಬರುತ್ತಿದ್ದರು, ಅವ್ವ ಹಂಚಿನ ಮುಂದೆ ಕಾಯುತ್ತಿದ್ದಳು. ನನಗಾಗಿ ಅಷ್ಟು ಗಟ್ಟಿಯಾಗಿ ಕೂತ ಹೆಂಗಸು ತನಗಾಗಿ ಒಂದು ದಿನವೂ ಕೂಡಲಿಲ್ಲವಲ್ಲ ಎಂದು ಅವಳ ಮೇಲೂ ಸಿಟ್ಟು ಬಂತು. ಸಂಜೆ ಅವಳು ಭಕ್ಕರಿ ಬಡಿಯುವಾಗ ಮಗ್ಗುಲಿಗೆ ಹೋಗಿ ಕೂತೆ. ಆಸ್ಪತ್ರೆಯ ಸುದ್ದಿ, ಪರೀಕ್ಷೆಯ ಸುದ್ದಿ ಏನೂ ಅವಳಿಗೆ ಬೇಕಾಗಿರಲಿಲ್ಲ.

"ಅಲ್ಲೆ ನಿಮಗ ಅಡಗಿ ಯಾರ ಮಾಡತಾರ?"

"ಒಬ್ಬಾಂವ ಅಡಗಿಯಂವಾ ಅದಾನ."

"ಗಂಡಸಾ?"

"ಹೂಂ."

"ನೀಡಾಂವ?"

"ಅಂವನ ನೀಡತಾನ."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ನೀ ಕುಂತಿರತಿ, ಅಂವಾ ನಿಂತ ನೀಡತಾನ? ಬಿಸೀದು?"

"ಬಿಸೀದು. ಸಾಕೇನವಾ, ಇನ್ನೊಂದ ಹಾಕಲೇನು ಅಂತ ಕೇಳತಾನ."

"ಏನಂತ ಕೇಳತಾನ?"

ನಾನು ಇನ್ನೊಮ್ಮೆ ಹೇಳಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಗುತ್ತಿದ್ದಂತೆ ಹಂಚಿನ ಮೇಲಿನ ಭಕ್ಕರಿ ಹೊತ್ತಿ ಹೊಗೆಯಾಯಿತು, ಅವಳಿಗೆ ಅದರ ಎಚ್ಚರವಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಊರಿನ ಸುದ್ದಿ ಹೇಳಿದಷ್ಟು ಸಾದಾ ದನಿಯಲ್ಲಿ ಅಂದಳು.

"ನನ್ನ ಯಾರೂ ಕೇಳೇ ಇಲ್ಲ ನೋಡ."

ಹೊರಗೆ ಗಂಡಸರು ಕಾಲು ತೊಳೆಯುವ ಸಪ್ಪಳವಾಯಿತು. ಅವ್ವ ಭಕ್ಕರಿ ಬುಟ್ಟಿ ಎತ್ತಿಕೊಂಡು ಏಳಲು ಹೋದಳು. ನಾನು ಬುಟ್ಟಿ ಕಸಿದುಕೊಂಡು, ಭುಜ ಒತ್ತಿ ಅವಳನ್ನು ಅಲ್ಲೇ ಕೂಡಿಸಿದೆ. ತಾಟು ಹಾಕಿದೆ. ಭಕ್ಕರಿ, ಪಲ್ಯ, ಬೆಣ್ಣೆ ನೀಡಿದೆ. ಅವಳು ಬಾಗಿಲ ಕಡೆ ನೋಡುತ್ತ ನೋಡುತ್ತ ಗಡಿಬಿಡಿಯಿಂದ ಒಂದನ್ನು ಉಂಡು ಮುಗಿಸಿದಳು. ಪಡಸಾಲೆಯಿಂದ ಕಾಕಾ ಕೂಗಿದ.

"ವೈನಿ, ತಾಟ ಹಾಕ್ರಿ!"

"ಸಾಕೇನವಾ?" ಎಂದು ನಾನು ಕೇಳಿದೆ. "ಇನ್ನೊಂದ ಹಾಕಲೇನು?"

ಅವ್ವ ಬಾಗಿಲ ಕಡೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದಳು.

"ಹಾಕ" ಅಂದಳು.